ಕರಾಳನ ಕೈಯಲ್ಲಿದ್ದ ಕಬ್ಬಿಣ

ಕಲ್ಮೇಶನಿಗೆ ಸಿಕ್ಕಿದ ಪಾತ್ರಕ್ಕೆ ಹದಿನಾಲ್ಕು ಮಾತು, ಮೂವತ್ತೆರಡು ಕೂಗು ಇದ್ದವು. ರಾಜಾಜಿನಗರದ ಹಳೇ ಮನೆಯೊಂದರ ಎರಡನೇ ಮಹಡಿಯ ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್ ಗೌತಮ್ ಅವನ ಕೈಗೆ ಎರಡು ಹಾಳೆ ಕೊಟ್ಟ. ಒಂದರಲ್ಲಿ ಮಾತು. ಇನ್ನೊಂದರಲ್ಲಿ ಹೀಗಿತ್ತು: ಸಣ್ಣ ಪೆಟ್ಟು ಹತ್ತು, ದೊಡ್ಡ ಪೆಟ್ಟು ಹತ್ತು, ಬೆಂಕಿ ಆರು, ನಗು ಐದು, ಸಾವು ಒಂದು.

ಬೆಂಗಳೂರಿನ ಕಂಪನಿಯೊಂದು ಮಾಡಿದ್ದ ವಿಡಿಯೋ ಗೇಮು ಅದು. ಆರು ಭಾಷೆಯಲ್ಲಿ ಬರುವುದಿತ್ತು. ಕಲ್ಮೇಶ ಕನ್ನಡಕ್ಕೆ ಧ್ವನಿ.

"ಇವ ಯಾರ್ರೀ?" ಅಂತ ಕೇಳಿದ ಕಲ್ಮೇಶ.

"ಕರಾಳ ಅಂತ ಸಾರ್. ವಿಲನ್. ಒಂಬತ್ತನೇ ಲೆವೆಲ್‌ನಲ್ಲಿ ಬರ್ತಾನೆ."

"ಹೆಸರು ಹಾಳಿಮ್ಯಾಲೆ ಐತಿ. ಯಾರು ಅಂತ ಕೇಳಿದೆ."

"ಸತ್ತೋಗಿದಾನೆ ಸಾರ್."

"ಹೆಂಗ ಸತ್ತ?"

ಗೌತಮ್ ಹಾಳೆ ತಿರುಗಿಸಿ ನೋಡಿದ. ಹಿಂದೆ ಖಾಲಿ. "ಸತ್ತೇ ಬರ್ತಾನೆ ಸಾರ್. ಡೈರೆಕ್ಟಾಗಿ."

"ಸತ್ತ ಮ್ಯಾಲೆ ಯಾಕ ಎದ್ದ? ಏನ್ ಬೇಕಂತ ಅವಗ?"

"ನಮ್ಮನ್ನ ಸಾಯಿಸ್ಬೇಕು."

"ಅದು ಕೆಲಸ ಆತು. ಆಸೆ ಏನು?"

ಗೌತಮ್‌ಗೆ ಈ ಪ್ರಶ್ನೆ ಆರು ವರ್ಷದ ಸರ್ವೀಸಿನಲ್ಲಿ ಯಾರೂ ಕೇಳಿರಲಿಲ್ಲ. ಕಲ್ಮೇಶ ಗದಗದ ಕಡೆಯವನು, ಹನ್ನೆರಡು ವರ್ಷ ನಾಟಕ ಕಂಪನಿಯಲ್ಲಿ ಊರೂರು ತಿರುಗಿ ಖಳನ ಪಾತ್ರ ಮಾಡಿದವನು. ಪಾತ್ರದ ಮನುಷ್ಯನಿಗೆ ಏನು ಬೇಕು ಅಂತ ತಿಳಿಯದೆ ಬಾಯಿ ತೆರೆಯಬೇಡ ಅಂತ ಅವನ ಮೇಷ್ಟ್ರು ಕಲಿಸಿದ್ದರು. ಈಗ ಕುಕ್ಕರ್ ಜಾಹೀರಾತಿನ ಗಂಡನಿಗೆ ಧ್ವನಿ ಕೊಡುವಾಗಲೂ ಅವನು ಆ ಗಂಡನಿಗೆ ಮದುವೆಯಾಗಿ ಎಷ್ಟು ವರ್ಷವಾಯಿತು ಅಂತ ಲೆಕ್ಕ ಹಾಕಿಯೇ ಮೈಕ್ ಮುಂದೆ ನಿಲ್ಲುತ್ತಿದ್ದ.

ಗೌತಮ್ ಗೇಮ್ ಕಂಪನಿಯ ಮಾನಸಾಗೆ ಫೋನ್ ಮಾಡಿದ. ಆರೂ ಭಾಷೆಯ ಕೆಲಸ ಅವಳೊಬ್ಬಳ ತಲೆಯ ಮೇಲಿತ್ತು. "ಸ್ಕೇರಿಯಾಗಿ ಇರ್ಲಿ, ಅಷ್ಟೇ," ಅಂದು ಇಟ್ಟಳು.

ಮೊದಲ ಮಾತು 'ಹೋಗು ಇಲ್ಲಿಂದ.' ಕಲ್ಮೇಶ ಇಪ್ಪತ್ತು ಸಲ ಹೇಳಿದ. ಕೊನೆಗೆ ಗೌತಮ್ ಗಾಜಿನ ಆಚೆಯಿಂದ, "ಸಾರ್, ಬೇಜಾರ್ ಮಾಡ್ಕೋಬೇಡಿ, ಬಾಡಿಗೆ ಮನೆ ಖಾಲಿ ಮಾಡ್ಸೋ ಥರ ಬರ್ತಾ ಇದೆ," ಅಂದ. ಗುರುವಾರ ಮತ್ತೆ ಬರುವುದು ಅಂತಾಯಿತು. ಕಲ್ಮೇಶನ ಫೋನಿಗೆ ಕರಾಳನ ಚಿತ್ರ ಬಂತು.

ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಸುಂಕದಕಟ್ಟೆ ಬಸ್ಸು ತೆವಳುವಷ್ಟು ಹೊತ್ತೂ ಅವನು ಆ ಚಿತ್ರ ನೋಡಿದ. ಪಕ್ಕದ ಸೀಟಿನ ಹೆಂಗಸು ಒಮ್ಮೆ ಇಣುಕಿ ನೋಡಿ ಎದ್ದು ಬೇರೆ ಕಡೆ ಕೂತಳು. ಎತ್ತರದ ಮೈ, ಕೊಳೆತ ದವಡೆ. ನಿಂತಿರುವುದು ಕಲ್ಲಿನ ಕಮಾನಿನ ಮುಂದೆ, ಒಂದು ಗುಂಡಿಯಲ್ಲಿ, ಮೊಣಕಾಲಿನವರೆಗೆ. ಕೈಯಲ್ಲಿ ತುದಿ ಬಾಗಿದ ಉದ್ದನೆಯ ಕಬ್ಬಿಣ.

ತಮ್ಮನ ಕೈಲಿ ಮೋಸಹೋದ ರಾಜ ಇರಬಹುದು ಅಂದುಕೊಂಡ. ಆದರೆ ಕಿರೀಟವಿಲ್ಲ. ಸೇನಾಪತಿಯೋ ಅಂದರೆ ಗುರಾಣಿ ಇಲ್ಲ. ಬುಧವಾರದ ಹೊತ್ತಿಗೆ ಅವನು ಪ್ರೇಮಭಂಗಕ್ಕೆ ಬಂದಿದ್ದ. ಬಚ್ಚಲಲ್ಲಿ ನಿಂತು, ಕೈಕೊಟ್ಟ ಪ್ರೇಯಸಿಗೆ ಹೇಳುವ ಹಾಗೆ "ಹೋಗು ಇಲ್ಲಿಂದ" ಅಂತ ಗದ್ಗದ ಕಂಠದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು.

ಕೆಳಗಿನ ಮನೆಯ ಓನರ್ ವೆಂಕಟಲಕ್ಷ್ಮಮ್ಮ. ಎಪ್ಪತ್ತು ವರ್ಷ. ಅಲ್ಲಿ ಬರೀ ಹಳ್ಳಿಯಿದ್ದ ಕಾಲದಿಂದ ಇದ್ದವರು. ಹೊಲ ಸೈಟಾಗಿ, ಸೈಟು ಮನೆಗಳಾದರೂ ಪೇಂಟಿನ ಡಬ್ಬದಲ್ಲಿ ದಂಟಿನ ಸೊಪ್ಪು ಬೆಳೆಯುವುದನ್ನು ಬಿಟ್ಟಿರಲಿಲ್ಲ.

"ಯಾರನ್ನ ಓಡಿಸ್ತಾ ಇದೀಯಪ್ಪ? ಒಳಗೆ ಯಾವ ಹುಡುಗಿ?" ಅಂತ ಅವನ ಭುಜದ ಮೇಲಿಂದ ಒಳಗೆ ಹಣಕಿದರು.

"ಯಾರೂ ಇಲ್ರೀ ಅವ್ವಾರ," ಅಂತ ಕಲ್ಮೇಶ ಗಾಬರಿಯಲ್ಲಿ ಫೋನನ್ನೇ ಮುಂದೆ ಹಿಡಿದ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. "ಅಯ್ಯೋ ಪಾಪ. ಯಾರ ಮನೆಯೋರು?"

"ಗೇಮಿಂದ್ರೀ. ರಾಕ್ಷಸ."

"ರಾಕ್ಷಸ ಯಾಕಾಗ್ತಾನೆ? ನೀರುಗಂಟಿ ಕಣಪ್ಪ ಇವ್ನು."

ಕಲ್ಮೇಶ ಟವೆಲಿನಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ವೆಂಕಟಲಕ್ಷ್ಮಮ್ಮನವರು ಬೆರಳಿಟ್ಟು ತೋರಿಸಿದರು. ಅವರ ಮಾವ ದೊಡ್ಡಹನುಮಯ್ಯ ಊರ ಕೆರೆಗೆ ನೀರುಗಂಟಿಯಾಗಿದ್ದವರು, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡಿ ಬಿಡುವ ಕೆಲಸ. ಕೆರೆ ಏರಿಯ ಕೆಳಗೆ ನೀರು ಹೊರಗೆ ಹೋಗುವ ಕಿಂಡಿಯೇ ತೂಬು. "ಈ ಕಮಾನು ಇದ್ಯಲ್ಲ, ತೂಬಿನ ಬಾಯಿ. ಇದು ಕತ್ತಿ ಅಲ್ಲ, ತೂಬು ಎತ್ತೋ ಕಬ್ಬಿಣ. ನಮ್ಮಾವನೋರ ಹತ್ರ ಇಂಥದ್ದೇ ಇತ್ತು. ನೀರಲ್ಲಿ ನಿಂತೂ ನಿಂತೂ ಮೈ ಹೆಂಗಾಗಿದೆ ನೋಡು."

"ಮತ್ತ ಹೋಗು ಇಲ್ಲಿಂದ ಅಂತ ಯಾಕ ಅಂತಾನ?"

"ಅನ್ನದೆ ಇನ್ನೇನು? ತೂಬು ಎತ್ತೋಕೆ ಮುಂಚೆ ಕೂಗ್ಬೇಕು. ಕಾಲುವೇಲಿ ಬಟ್ಟೆ ಒಗೆಯೋರು, ಎಮ್ಮೆ ತೊಳೆಯೋರು ಇರ್ತಾರೆ. ಕೊಚ್ಕೊಂಡು ಹೋಗಲ್ವಾ?"

ಹೇಗೆ ಕೂಗುತ್ತಿದ್ದರು ಅಂತ ಕಲ್ಮೇಶ ಕೇಳಿದ. ವೆಂಕಟಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು, ಟೆರೇಸಿನ ಅಂಚಿಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು: "ಹೋಗ್ರಪ್ಪೋ! ನೀರ್ ಬಿಡ್ತೀನಿ! ಹೋಗ್ರೋ ಇಲ್ಲಿಂದಾ!"

ಎದುರು ಮನೆಯ ರವಿಕುಮಾರ್ ಬನಿಯನ್ನಿನಲ್ಲೇ ಓಡಿಬಂದ. "ಆಂಟಿ, ಕಾವೇರಿ ನೀರು ಬಿಟ್ರಾ?" ಅಂತ ಕೇಳಿದವನು ಉತ್ತರಕ್ಕೂ ಕಾಯದೆ ಹೋಗಿ ಮೋಟರ್ ಹಾಕಿದ. ಖಾಲಿ ಸಂಪಿನಲ್ಲಿ ಅದು ಕೀರಲು ಸದ್ದು ಮಾಡತೊಡಗಿತು.

ಕಲ್ಮೇಶನಿಗೆ ಅದಾವುದೂ ಕೇಳಿಸಲಿಲ್ಲ. ಹದಿನಾಲ್ಕು ಮಾತನ್ನೂ ಅವನು ಮನಸ್ಸಿನಲ್ಲೇ ಓದುತ್ತಿದ್ದ. 'ಇನ್ನೊಂದು ಹೆಜ್ಜೆ ಇಟ್ಟರೆ ಮುಳುಗುತ್ತೀಯ.' 'ಇಲ್ಲಿಗೆ ಬಂದವರು ಯಾರೂ ಉಳಿದಿಲ್ಲ.' ಎಲ್ಲವೂ ಸರಿಹೊಂದಿದವು. ಇವನು ಬೆದರಿಸುತ್ತಿಲ್ಲ, ಎಚ್ಚರಿಸುತ್ತಿದ್ದಾನೆ. ಕೇಳುವವರಿಲ್ಲ, ಅಷ್ಟೇ.

ಗುರುವಾರ ಮೈಕ್ ಮುಂದೆ ನಿಂತವನು ನಲವತ್ತು ನಿಮಿಷದಲ್ಲಿ ಎಲ್ಲ ಮುಗಿಸಿದ. ಐದು ನಗುವನ್ನು ಮಾತ್ರ ಹಾಳೆಯಲ್ಲಿದೆ ಅಂತ ನಕ್ಕ. ಗೌತಮ್ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟ. "ಸಾರ್, ಭಯ ಏನೂ ಆಗ್ಲಿಲ್ಲ. ಆದ್ರೆ ಎದ್ದು ಹೋಗೋಣ ಅನ್ನಿಸ್ತು," ಅಂದ. ಮಾನಸಾಗೆ ಅವತ್ತು ಬಂಗಾಳಿ ಕರಾಳನಿಗೆ ಗಂಟಲು ಕೆಟ್ಟ ತಲೆನೋವು. ಕನ್ನಡದ ನಗು ಎರಡು ಕೇಳಿ ಓಕೆ ಮಾಡಿದಳು.

ಗೇಮು ಬಿಡುಗಡೆಯಾದ ಒಂದು ತಿಂಗಳಿಗೆ ಅವಳೇ ಲ್ಯಾಪ್‌ಟಾಪ್ ಹಿಡಿದು ಸ್ಟುಡಿಯೋಗೆ ಬಂದಳು. ಕಲ್ಮೇಶನನ್ನೂ ಕರೆಸಿದ್ದಳು.

"ಸರ್, ಬೇರೆ ಐದು ಭಾಷೇಲಿ ಆಡೋರು ಕರಾಳನ ಕೈಲಿ ಸರಾಸರಿ ನಾಲ್ಕು ಸಲ ಸಾಯ್ತಾರೆ. ಕನ್ನಡದಲ್ಲಿ ಎಷ್ಟು ಗೊತ್ತಾ? ಇಪ್ಪತ್ತಮೂರು!"

ಕಂಪನಿಯ ಇಂಜಿನಿಯರುಗಳು ಎರಡು ವಾರ ದೋಷ ಹುಡುಕಿದ್ದರು. ಸಿಕ್ಕಿರಲಿಲ್ಲ. ಆಮೇಲೆ ಯಾರೋ ಆಟಗಾರರು ಹಾಕಿದ ವಿಡಿಯೋಗಳನ್ನು ನೋಡಿದರು. ಮಾನಸಾ ಅವನ್ನು ಒಂದೊಂದಾಗಿ ತೋರಿಸಿದಳು. ಕೆಂಗೇರಿಯ ಹುಡುಗನೊಬ್ಬ ಕತ್ತಿ ಎತ್ತಿಕೊಂಡು ನುಗ್ಗುತ್ತಾನೆ. ಕರಾಳ "ಹೋಗು ಇಲ್ಲಿಂದ" ಅನ್ನುತ್ತಾನೆ. ಹುಡುಗ ನಿಲ್ಲುತ್ತಾನೆ. "ತಾಳು ಮಗಾ, ಇವ್ನೇನೋ ಹೇಳ್ತಾ ಇದಾನೆ," ಅನ್ನುವಷ್ಟರಲ್ಲಿ ಕಬ್ಬಿಣ ತಲೆಯ ಮೇಲೆ ಬೀಳುತ್ತದೆ. ಇನ್ನೊಬ್ಬ ಕತ್ತಿ ಕೆಳಗಿಟ್ಟು, "ಅಣ್ಣ, ನಾನು ಹೊಡೆಯಲ್ಲ, ಏನ್ ಸಮಾಚಾರ ಹೇಳಿ," ಅನ್ನುತ್ತಾನೆ. ಅವನೂ ಸಾಯುತ್ತಾನೆ. ಹಾಗೆ ಹನ್ನೊಂದು ಸಲ.

ಹನ್ನೆರಡು ವರ್ಷದ ನಾಟಕದಲ್ಲಿ ಕಲ್ಮೇಶನಿಗೆ ಇಂಥ ಚಪ್ಪಾಳೆ ಸಿಕ್ಕಿರಲಿಲ್ಲ. ಮುಖದಲ್ಲಿ ಮಾತ್ರ ತಪ್ಪು ಮಾಡಿದವನ ಭಾವ ಇಟ್ಟುಕೊಂಡು, "ಮೇಡಮ್, ಈಗರ ಹೇಳ್ರಿ. ಇವ ಯಾರು?" ಅಂತ ಕೇಳಿದ.

ಮಾನಸಾಗೆ ತಿಳಿದಿರಲಿಲ್ಲ. ಚಿತ್ರ ಬರೆದ ಅರುಣ್ ಕುಮಾರ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಕರಾಳನಾ?" ಅಂದ ಅರುಣ್. "ಅವನು ಮೆಕ್ಯಾನಿಕ್. ಮುಂಚೆ ಒಂದು ಕಾರ್ ರೇಸ್ ಗೇಮ್ ಮಾಡ್ತಿದ್ವಲ್ಲ, ನಿಂತೋಯ್ತಲ್ಲ, ಅದರಲ್ಲಿ ಟೈರ್ ಬಿಚ್ಚೋನು. ವೇಸ್ಟ್ ಆಗ್ಬಾರ್ದು ಅಂತ ಕೊಳೆಸಿ ಇದಕ್ಕೆ ಹಾಕಿದ್ವಿ."

"ಕೈಯಾಗಿನ ಕಬ್ಬಿಣ?"

"ಟೈರ್ ಲಿವರ್ ಸಾರ್. ಸ್ವಲ್ಪ ಉದ್ದ ಮಾಡಿದೀನಿ."

"ಗುಂಡಿ?"

"ಪಾದ ಬರೆಯೋಕೆ ಟೈಮ್ ಇರ್ಲಿಲ್ಲ."

ಮಾನಸಾ ಫೋನ್ ಇಟ್ಟು, ಹದಿನಾಲ್ಕು ಮಾತಿನ ಹಾಳೆಯನ್ನು ಮತ್ತೆ ಕಲ್ಮೇಶನ ಮುಂದಿಟ್ಟಳು.

ಮತ್ತೆ ರೆಕಾರ್ಡ್ ಮಾಡಲೇಬೇಕಿತ್ತು. ಕಲ್ಮೇಶ ಮಾಡಿದ. ಗಂಟಲಲ್ಲಿ ಗರಗರ, ಮಾತಿನ ಕೊನೆಗೆ ಗುಡುಗು. ನಾಟಕ ಕಂಪನಿಯಲ್ಲಿ ಹಿಂದಿನ ಸಾಲಿನವರಿಗಾಗಿ ಮಾಡುತ್ತಿದ್ದ ಆರ್ಭಟವನ್ನೆಲ್ಲ ತಂದು ಸುರಿದ. ಮಾನಸಾ ಖುಷಿಯಾದಳು. ಅವನು ಮಾತ್ರ ಮನೆಯ ಹಿರಿಯರೊಬ್ಬರನ್ನು ಸುಮ್ಮಸುಮ್ಮನೆ ಗದರಿಬಂದವನ ಹಾಗೆ ತಲೆ ತಗ್ಗಿಸಿ ಬಸ್ ಹತ್ತಿದ. ಹೊಸ ಧ್ವನಿ ಬಂದ ವಾರಕ್ಕೆ ಇಪ್ಪತ್ತಮೂರು ಐದಕ್ಕೆ ಇಳಿಯಿತು.

ಆಗ ಬಂದಳು ವಚನಾ. ಬಾಪೂಜಿ ನಗರದ ಡಿಗ್ರಿ ಹುಡುಗಿ, ಗೇಮುಗಳ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡುವವಳು. ಗೇಮಿನ ಕೊನೆಯಲ್ಲಿ ಬರುವ ಹೆಸರು ನೋಡಿ, ಎಲ್ಲೆಲ್ಲೋ ಕೇಳಿ ಕಲ್ಮೇಶನ ನಂಬರ್ ಹಿಡಿದಿದ್ದಳು. "ಸರ್, ಮೊದಲು ಅವನು ಬೇಡ್ಕೊಳ್ತಾ ಇದ್ದ. ಈಗ ಬೈತಾ ಇದಾನೆ. ಮಧ್ಯೆ ಅವನಿಗೆ ಏನಾಯ್ತು?" ಅಂತ ಫೋನಿನಲ್ಲೇ ಶುರು ಮಾಡಿದಳು. ಅವಳ ವೀಕ್ಷಕರು ಕರಾಳನ ಪೂರ್ವಕಥೆ ಅಂತ ನಲವತ್ತೊಂದು ಊಹೆ ಬರೆದು ಕಳಿಸಿದ್ದರಂತೆ. ಒಬ್ಬರ ಪ್ರಕಾರ ಅವನು ಮಗಳನ್ನು ಕಳೆದುಕೊಂಡವನು. ಇನ್ನೊಬ್ಬರ ಪ್ರಕಾರ ಆಡುವವನೇ ಕರಾಳ.

ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಸುಂಕದಕಟ್ಟೆಗೇ ಬಂದಳು. ಸಂದರ್ಶನ ಅಂತ ಕೇಳಿದ್ದೇ ತಡ, ವೆಂಕಟಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು ಮೇಲೆ ಬಂದು ನಡುವಿನ ಕುರ್ಚಿಯಲ್ಲಿ ಕೂತರು. ಕಲ್ಮೇಶನಿಗೆ ಸ್ಟೂಲು ಉಳಿಯಿತು.

ಅವನು ಸುಳ್ಳು ಹೇಳಲಿಲ್ಲ. ನೀರುಗಂಟಿಯನ್ನೂ ಹೇಳಿದ, ಮೆಕ್ಯಾನಿಕ್‌ನನ್ನೂ ಹೇಳಿದ, ಪಾದದ ವಿಷಯವನ್ನೂ ಹೇಳಿದ. ವಚನಾಳ ಮುಖ ಬಾಡಿತು. ನಲವತ್ತೊಂದು ಊಹೆಯಲ್ಲಿ ಟೈರು ಒಂದರಲ್ಲೂ ಇರಲಿಲ್ಲ.

"ಚಿತ್ರ ಬರೆದೋನಿಗೆ ಎಲ್ಲ ಗೊತ್ತಿರುತ್ತಾ?" ಅಂತ ವೆಂಕಟಲಕ್ಷ್ಮಮ್ಮ ರೇಗಿದರು. "ಆ ಹುಡುಗ ಕೆರೆ ನೋಡಿದಾನಾ? ತೂಬು ನೋಡಿದಾನಾ?"

ವಚನಾ ಕ್ಯಾಮೆರಾ ಅವರ ಕಡೆ ತಿರುಗಿಸಿದಳು. "ಅಜ್ಜಿ, ನೀರುಗಂಟೀನೇ ಅನ್ಕೊಳ್ಳೋಣ. ಸತ್ತ ಮೇಲೂ ಯಾಕೆ ಅಲ್ಲೇ ನಿಂತಿದಾನೆ? ಅಲ್ಲಿ ನೀರೇ ಇಲ್ಲವಲ್ಲ?"

ವೆಂಕಟಲಕ್ಷ್ಮಮ್ಮ ಸೀರೆಯ ಅಂಚು ಸರಿಮಾಡಿಕೊಂಡರು.

"ನಮ್ ಕೆರೆ ಒಣಗಿ, ಲಾರಿ ಬಂದು ಮಣ್ಣು ಸುರಿಯೋಕೆ ಶುರು ಮಾಡಿದ್ರಲ್ಲ, ಆಗ್ಲೂ ನಮ್ಮಾವ ದಿನಾ ಬೆಳಿಗ್ಗೆ ಕಬ್ಬಿಣ ತಗೊಂಡು ಹೋಗೋರು. ತೂಬಿನ ಹತ್ರ ನಿಂತ್ಕೊಂಡು ಲಾರಿಯೋರ್ಗೆ ಕೂಗೋರು, ಹೋಗ್ರೋ ಇಲ್ಲಿಂದ ಅಂತ. ಅವ್ರು ನಗೋರು. ಮಧ್ಯಾಹ್ನ ನಾನು ಹೋಗಿ ಕರ್ಕೊಂಡು ಬರ್ಬೇಕಾಗಿತ್ತು. ಎರಡು ವರ್ಷ ಹಂಗೇ ಹೋದ್ರು. ಯಾರಾದ್ರೂ ಒಬ್ರು, ಸಾಕು, ಇನ್ನು ಕೆಲಸ ಮುಗೀತು, ಮನೇಲಿರು ಅಂತ ಹೇಳಿದ್ರೆ ಇರೋರೇನೋ. ಊರೋರು ಹೇಳ್ಲಿಲ್ಲ. ನಮ್ಗೆ ಹೇಳೋಕೆ ಬಾಯಿ ಬರ್ಲಿಲ್ಲ."

ವಚನಾ ಕ್ಯಾಮೆರಾ ಕೆಳಗಿಳಿಸಿದಳು. ಆಮೇಲೆ ನೆನಪಾಗಿ ಮತ್ತೆ ಎತ್ತಿದಳು.

ಆ ವಿಡಿಯೋ ಹಾಕಿದ ಹತ್ತು ದಿನಕ್ಕೆ ಮಾನಸಾಳ ಫೋನು ಬಂತು. ಧ್ವನಿಯಲ್ಲಿ ಅಳುವೊಂದೇ ಬಾಕಿ. "ಸರ್, ಐದಿತ್ತಲ್ಲ, ಮೂವತ್ತೊಂಬತ್ತಕ್ಕೆ ಹೋಗಿದೆ. ಜನ ಹೊಡೀತಾನೇ ಇಲ್ಲ. ಸುಮ್ನೆ ಹೋಗಿ ಅವನ ಮುಂದೆ ನಿಂತ್ಕೊಂಡು, ಸಾಕು ಕಣಣ್ಣ, ಮನೆಗೆ ಹೋಗು ಅಂತಾರೆ. ಅವನು ಹೊಡೀತಾನೆ. ಮತ್ತೆ ಬರ್ತಾರೆ. ದಿನಾ ಬಂದು ಸತ್ತು ಹೋಗೋರಿದಾರೆ!"

ಇನ್ನೊಂದು ಸಲ ಧ್ವನಿ ಬದಲಿಸಿದರೂ ಇದು ನಿಲ್ಲುವುದಿಲ್ಲ ಅಂತ ಕಂಪನಿಗೆ ಗೊತ್ತಾಯಿತು. ಕೊನೆಗೆ ಅವರೇ ಸೋತು ಆರೂ ಭಾಷೆಯ ಗೇಮಿಗೆ ಒಂದು ಬಟನ್ ಇಟ್ಟರು. ಆಡುವವನು ಕತ್ತಿ ಕೆಳಗಿಟ್ಟು ಅದನ್ನು ಒತ್ತಿದರೆ 'ಸಾಕು' ಅಂದ ಹಾಗೆ. ಕರಾಳ ಕಬ್ಬಿಣ ಇಳಿಸಿ ಗುಂಡಿಯಿಂದ ಹತ್ತಿ ಹೊರಟುಹೋಗುತ್ತಾನೆ. ಹೊರಡುವ ಮುಂಚೆ ಅವನಿಗೆ ಒಂದು ಮಾತು ಬೇಕಿತ್ತು. ಏನು ಬರೆಯುವುದು ಅಂತ ಯಾರಿಗೂ ತೋಚದೆ ಮಾನಸಾ ಅದನ್ನು ಕಲ್ಮೇಶನಿಗೇ ಬಿಟ್ಟಳು.

ಅವನು ಎರಡು ದಿನ ಹಾಳೆ ತುಂಬ ಬರೆದ. ಧರ್ಮ, ಋಣ, ಮಣ್ಣು ಎಲ್ಲ ಬಂದಿದ್ದವು. ಕೆಳಗಿಳಿದು ಹೋಗಿ ಗಂಭೀರ ಧ್ವನಿಯಲ್ಲಿ ಓದಿದ. ವೆಂಕಟಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಾ ಕೇಳಿದರು.

"ಇಷ್ಟೆಲ್ಲ ಮಾತಾಡಿದ್ರೆ ನಮ್ಮಾವ ಅಲ್ಲ ಬಿಡು."

"ಮತ್ತ ನೀವು ಕರಿಯಾಕ ಹೋದಾಗ ಏನಂತಿದ್ರು?"

"ಏನಂತಾರೆ? ಕಬ್ಬಿಣ ಹೆಗಲ ಮೇಲೆ ಹಾಕ್ಕೊಂಡು, ಏನಮ್ಮ ಸಾರು ಇವತ್ತು, ಅನ್ನೋರು."

ಕಲ್ಮೇಶ ಹಾಳೆ ಮಡಚಿ ಜೇಬಿಗಿಟ್ಟ. ಮರುದಿನ ಸ್ಟುಡಿಯೋದಲ್ಲಿ ಆ ಒಂದು ಮಾತನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿದ. ಗೌತಮ್ ಇನ್ನೊಂದು ಬೇಕು ಅನ್ನಲಿಲ್ಲ. ಮಾನಸಾಗೆ ಮಾತ್ರ ಆ ವಾರವಿಡೀ ಕೆಲಸ ಇತ್ತು. ಸಾರು ಅಂದರೆ ಏನು ಅಂತ ಅವಳು ಉಳಿದ ಐದು ಭಾಷೆಯವರಿಗೂ ಕೂತು ವಿವರಿಸಬೇಕಾಯಿತು.