ಒಂದು ಫೇಸು, ಮೂರು ಪೆಟ್ಟಿಗೆ

ಕರೆಂಟು ಹೋದಾಗಲೆಲ್ಲ ನಮ್ಮ ಮನೆಯಲ್ಲಿ ಎಲ್ಲರ ಜೀವ ಬಾಯಿಗೆ ಬರುತ್ತಿತ್ತು. ಅತ್ತೆಯವರ ಶ್ವಾಸಕೋಶ ಸೋತಿದೆ. ಆಕ್ಸಿಜನ್ ಮೆಷಿನ್ ಇಲ್ಲದೆ ಅವರಿಗೆ ಆಗದು. ಮಂಚದ ಪಕ್ಕ ಒಂದು ಸಣ್ಣ ಸಿಲಿಂಡರ್ ಇದೆ, ಆದರೆ ಅದು ಎರಡು ಗಂಟೆಯೊಳಗೆ ಖಾಲಿಯಾಗುತ್ತದೆ. ಹೀಗಾಗಿ ಇನ್ವರ್ಟರ್ ಬೇಕೇ ಬೇಕು ಎಂದಾಯಿತು.

ನಮ್ಮ ಯಜಮಾನರು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವವರು. ಇಪ್ಪತ್ತೆರಡು ವರ್ಷದ ಕಸುಬು. ಕರೆಂಟಿನ ವಿಷಯ ಬಂದರೆ ಮನೆಯಲ್ಲಿ ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ. ಮುಚ್ಚಿಹೋದ ಅಂಗಡಿಯೊಂದರಿಂದ ಅವರು ಮೂರು ಫೇಸಿನ ಇನ್ವರ್ಟರ್ ತಂದರು. ಬ್ಯಾಟರಿಯ ಜೊತೆ ಮೂರು ಪೆಟ್ಟಿಗೆ, ಫೇಸಿಗೊಂದು. ನಾವಿರುವ ಬಾಡಿಗೆ ಮನೆ ಹಿಂದೆ ಹೊಲಿಗೆ ಕಾರ್ಖಾನೆಯಾಗಿತ್ತು, ಒಳಗಿನ ವೈರಿಂಗ್ ಇನ್ನೂ ಮೂರು ಫೇಸಿನದೇ. ಆದರೆ ಕಾರ್ಖಾನೆ ಹೋದ ಮೇಲೆ ಕಂಬದಿಂದ ಬರುವುದು ಎರಡೇ ತಂತಿ. ಕರೆಂಟು ತರುವ ಫೇಸು ಒಂದು, ಅದು ಮರಳುವ ನ್ಯೂಟ್ರಲ್ ಒಂದು.

"ಮೂರು ಫೇಸಿನ ಪೆಟ್ಟಿಗೆಗೆ ಒಂದೇ ಫೇಸು ಸಾಕಾಗುತ್ತಾ?" ಎಂದು ಕೇಳಿದೆ.

"ನಿನಗ್ಯಾಕೆ ಆ ತಲೆನೋವು," ಎಂದರು. "ಒಂದನ್ನೇ ಮೂರು ಕಡೆಗೆ ಕೊಟ್ರಾಯ್ತು."

ಒಂದು ತುಂಡು ಕೆಂಪು ತಂತಿ ಕತ್ತರಿಸಿ, ಕರೆಂಟು ಒಳಗೆ ಹೋಗುವ ಕಡೆ ಮೂರೂ ಪೆಟ್ಟಿಗೆಗಳನ್ನು ಸೇರಿಸಿ ಕಟ್ಟಿದರು. ಪೆಟ್ಟಿಗೆಗಳು ಒಪ್ಪಲಿಲ್ಲ, ಕೆಂಪು ದೀಪ ಹತ್ತಿಸಿಕೊಂಡು ಕೀ ಎಂದು ಕೂಗಿದವು. ಇವರು ಸೆಟ್ಟಿಂಗ್ ಬದಲಿಸಿ, ಮೂರೂ ಬೇರೆ ಬೇರೆ ಇನ್ವರ್ಟರ್ ಎಂದು ಅವನ್ನು ನಂಬಿಸಿದರು. ಸದ್ದಡಗಿತು. ಎಚ್ಚರಿಸುವ ಯಂತ್ರದ ಬಾಯಿ ಮುಚ್ಚಿಸಿ ಗೆದ್ದೆ ಎಂದುಕೊಳ್ಳುವವರಿಗೆ ಏನೆನ್ನಬೇಕು ಹೇಳಿ. ನಾನೂ ಆವತ್ತು ಮೆಚ್ಚಿ ಎರಡು ಸಲ ಚಹಾ ಮಾಡಿಕೊಟ್ಟೆ.

ಐದು ವಾರ ಕರೆಂಟು ಹೋದರೂ ಮೆಷಿನ್ ನಿಲ್ಲಲಿಲ್ಲ. ಯಜಮಾನರು ಎದೆಯುಬ್ಬಿಸಿಕೊಂಡು ಓಡಾಡಿದರು.

ನಮ್ಮ ಬೀದಿಗೆ ಮೀಟರ್ ಓದಲು ಬರುವ ಹೆಂಗಸಿಗೆ ಎಲ್ಲರೂ ಮೀಟರಕ್ಕ ಎನ್ನುತ್ತಾರೆ. ವೈರಿಂಗ್ ಕಲಿತು ಲೈಸೆನ್ಸ್ ಪಡೆದವರು. ಒಂದು ಮಧ್ಯಾಹ್ನ ಅವರು ಅತ್ತೆಯವರನ್ನು ಮಾತಾಡಿಸಲು ಒಳಗೆ ಬಂದರು. ಅತ್ತೆ ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ಬೆನ್ನುನೋವು ಹೇಗಿದೆ ಅಜ್ಜಿ?"

"ಈಗ ಎಷ್ಟೋ ವಾಸಿ ಕಣಮ್ಮ. ಈ ಗೋಡೆ ಬೆಚ್ಚಗಿರುತ್ತೆ ನೋಡು, ಒರಗಿದ್ರೆ ಹಿತ."

ಮೀಟರಕ್ಕ ಗೋಡೆಗೆ ಅಂಗೈ ಒತ್ತಿ ನೋಡಿದರು. "ಗೋಡೆ ಯಾಕೆ ಬೆಚ್ಚಗಿರುತ್ತೆ?" ಎಂದು ನನ್ನ ಕಡೆ ತಿರುಗಿದರು. ಆ ಗೋಡೆಯ ಆಚೆ ಬದಿಗೇ ಕರೆಂಟಿನ ಬೋರ್ಡು ಇದೆ.

ಅವರು ಅತ್ತೆಯವರನ್ನು ಎಬ್ಬಿಸಿ ಹೊರಗಿನ ಕೋಣೆಗೆ ನಡೆಸಿದರು. ನಾನು ನಳಿಕೆಯನ್ನು ಸಿಲಿಂಡರಿಗೆ ಬದಲಿಸಿದೆ. "ಮೈನ್ ಆಫ್ ಮಾಡಿ ಅಣ್ಣ," ಎಂದರು ಮೀಟರಕ್ಕ, ಊಟಕ್ಕೆ ಮನೆಗೆ ಬಂದಿದ್ದ ಯಜಮಾನರಿಗೆ. "ಪೆಟ್ಟಿಗೆಗಳನ್ನೂ ಆಫ್ ಮಾಡಿ, ಬ್ಯಾಟರಿಯಿಂದಲೂ ಕರೆಂಟು ಬರ್ತಿರುತ್ತೆ."

ಯಜಮಾನರು ಗೊಣಗುತ್ತಲೇ ಬೋರ್ಡು ಬಿಚ್ಚಿದರು. ನ್ಯೂಟ್ರಲ್ ತಂತಿಯ ಪ್ಲಾಸ್ಟಿಕ್ ಕರಗಿ ಇಳಿದಿತ್ತು. ಹಿಂದಿನ ಮರದ ಹಲಗೆ ಅಂಗೈ ಅಗಲ ಇದ್ದಿಲಾಗಿತ್ತು. ಅಲ್ಲಿಂದ ನಾಲ್ಕೇ ಬೆರಳು ಆಚೆಗೆ, ಇಷ್ಟು ದಿನ ಅತ್ತೆಯವರ ಬೆನ್ನು ಇತ್ತು, ಮೂಗಿನಲ್ಲಿ ಆಕ್ಸಿಜನ್ ಇತ್ತು. ಆಕ್ಸಿಜನ್ ಇರುವ ಕಡೆ ಒಂದು ಕಿಡಿ ಬಿದ್ದರೆ ಹಾಸಿಗೆ ಎಷ್ಟು ಬೇಗ ಉರಿಯುತ್ತದೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

"ಫ್ಯೂಸ್ ಹೋಗಬೇಕಿತ್ತಲ್ಲ," ಎಂದರು ಯಜಮಾನರು, ತಮಗೆ ತಾವೇ ಹೇಳಿಕೊಂಡ ಹಾಗೆ.

"ಫ್ಯೂಸ್ ಇರೋದು ಫೇಸಿಗೆ ಅಣ್ಣ. ಒಂದೊಂದರಲ್ಲೂ ಹರೀತಿದ್ದದ್ದು ಅಳತೆಯಲ್ಲೇ ಇತ್ತು. ಮೂರು ಫೇಸು ಅಂದ್ರೆ ಮೂರು ಜನ ಸರದಿ ಮೇಲೆ ತಳ್ಳಿದ ಹಾಗೆ. ಆಗ ನ್ಯೂಟ್ರಲಲ್ಲಿ ಒಂದರ ಕರೆಂಟನ್ನ ಇನ್ನೊಂದು ಕಳೆಯುತ್ತೆ, ಉಳಿದ ಚೂರು ಮಾತ್ರ ಹರಿಯುತ್ತೆ. ಅದಕ್ಕೇ ಇಲ್ಲಿ ಸಣ್ಣ ತಂತಿ ಹಾಕಿರೋದು. ನೀವು ಒಂದೇ ಫೇಸನ್ನ ಮೂರಕ್ಕೂ ಕೊಟ್ರಿ. ಸರದಿನೇ ಇಲ್ಲ. ಮೂರರ ಭಾರವೂ ಈ ಒಂದು ತಂತಿ ಮೇಲೆ ಬಿತ್ತು. ನ್ಯೂಟ್ರಲಿಗೆ ಫ್ಯೂಸ್ ಇರಲ್ಲ, ಇರಲೂಬಾರದು."

"ಹಾಗಾದ್ರೆ ಈ ಪೆಟ್ಟಿಗೆ ಗುಜರಿಗಾ?" ಎಂದೆ.

"ಬೇಡ ಕಣಮ್ಮ. ಕಂಬದ ಫೇಸು ಒಂದು ಚಾರ್ಜರಿಗೆ ಮಾತ್ರ ಹೋಗ್ಲಿ, ಅದು ಬ್ಯಾಟರಿ ತುಂಬಿಸ್ಲಿ. ಪೆಟ್ಟಿಗೆಗಳನ್ನ ಮತ್ತೆ ಮೂರು ಫೇಸಿಗೆ ಸೆಟ್ ಮಾಡಿದ್ರೆ ಬ್ಯಾಟರಿಯಿಂದ ಅವೇ ಸರದಿ ಮಾಡ್ಕೊಳ್ತವೆ. ಹೊಸ ತಂತಿ, ಸರಿಯಾದ ಅರ್ಥಿಂಗ್, ವಿದ್ಯುತ್ ಕಚೇರಿಯ ಒಪ್ಪಿಗೆ ಬೇಕು. ಕರೆಂಟು ಹೋದಾಗ ಬ್ಯಾಟರಿ ಕರೆಂಟು ಇಲ್ಲಿಂದ ಕಂಬಕ್ಕೆ ಹೋಗೋ ದಾರಿ ಇರಬಾರದು. ಅಲ್ಲಿ ಲೈನ್‌ಮನ್ ಕೈ ಇಟ್ಟಿರ್ತಾನೆ."

ಸಿಲಿಂಡರ್ ಮುಗಿಯುವ ಮೊದಲೇ ಮೀಟರಕ್ಕ ಒಂದು ಪೆಟ್ಟಿಗೆಯಿಂದ ಹೊಸ ಜೋಡಿ ತಂತಿ ಎಳೆದು, ಮೆಷಿನ್ ಒಂದಕ್ಕೇ ಕರೆಂಟು ಕೊಟ್ಟರು. ಉಳಿದ ಕೆಲಸ ಆ ವಾರದಲ್ಲೇ ಮುಗಿಯಿತು.

ಆದರೆ ಆವತ್ತು ನಮ್ಮವರು ಆ ಇದ್ದಿಲನ್ನೇ ನೋಡುತ್ತ ನೆಲದ ಮೇಲೆ ಕೂತುಬಿಟ್ಟರು. ಸಮಾಧಾನ ಹೇಳೋಣವೆಂದು ಹತ್ತಿರ ಹೋದೆ.

"ಇನ್ನೂ ಎರಡು ಮನೆಗೆ ಹಿಂಗೇ ಹಾಕಿಕೊಟ್ಟಿದೀನಿ," ಎಂದರು.

ಹಾಗೆಂದವರೇ ಸಾಮಾನಿನ ಚೀಲ ಎತ್ತಿಕೊಂಡು ಓಡಿದರು. ಮೊದಲ ಮನೆ ಬಡಗಿಯದು. ಅಲ್ಲೂ ನ್ಯೂಟ್ರಲ್ ಕಂದು ಬಣ್ಣಕ್ಕೆ ತಿರುಗಿತ್ತು, ಬಿಚ್ಚಿಸಿದರು. ಎರಡನೆಯ ಮನೆಗೆ ಬೀಗ ಬಿದ್ದಿತ್ತು. ಬಾಡಿಗೆಯವರು ಹತ್ತು ದಿನದ ಹಿಂದೆ ಖಾಲಿ ಮಾಡಿದ್ದರು, ಕೆಂಪು ತಂತಿ ಬಿಚ್ಚದೆ ಹಾಗೇ ಆ ಮೂರು ಪೆಟ್ಟಿಗೆಗಳನ್ನು ಯಾರಿಗೋ ಮಾರಿ ಹೋದರಂತೆ, ಪಕ್ಕದ ಮನೆಯವರು ಹೇಳಿದ್ದು. ಅವರ ಫೋನು ಹತ್ತುತ್ತಿಲ್ಲ. ಯಾರು ಕೊಂಡರೋ ಆ ಬೀದಿಯಲ್ಲಿ ಯಾರಿಗೂ ತಿಳಿಯದು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಂಬದಿಂದ ನಿಮ್ಮ ಮನೆಗೆ ಎರಡೇ ತಂತಿ ಬರುತ್ತಿದ್ದು, ಮನೆಯಲ್ಲಿ ಮೂರು ಫೇಸಿನ ಇನ್ವರ್ಟರ್ ಇದ್ದರೆ ದಯವಿಟ್ಟು ಎದ್ದು ಹೋಗಿ ನೋಡಿ. ಮೂರೂ ಪೆಟ್ಟಿಗೆಗಳನ್ನು ಒಂದು ತುಂಡು ತಂತಿ ಸೇರಿಸಿದ್ದರೆ ಆ ತಂತಿಯನ್ನು ಮುಟ್ಟಬೇಡಿ. ಮೈನ್ ಆರಿಸಿ, ಪೆಟ್ಟಿಗೆಗಳನ್ನೂ ಆರಿಸಿ, ಲೈಸೆನ್ಸ್ ಇರುವವರನ್ನು ಕರೆಸಿ. ಐದು ವಾರದಿಂದ ಏನೂ ಆಗಿಲ್ಲವಲ್ಲ ಎನ್ನಬೇಡಿ, ನಾವೂ ಹಾಗೇ ಅಂದುಕೊಂಡಿದ್ದೆವು. ನನ್ನ ಗಂಡ ಕೈಯಾರೆ ಕಟ್ಟಿದ ಆ ತಂತಿ ಈಗ ಯಾರ ಗೋಡೆಯ ಮೇಲಿದೆಯೋ ನಮಗೆ ಗೊತ್ತಿಲ್ಲ. ನಿಮ್ಮ ಗೋಡೆಯ ಮೇಲೆ ಇರಬಹುದು.