ಗೋಡೆಯಾಚೆಗೊಂದು ಪಿಸುಮಾತು

ಎಸ್ನಾ ಪಟ್ಟಣದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಮದುವೆಗೆ ಮೈಕ್ ಕಟ್ಟುವ ಶಾಜ್ಲಿಗೆ ಜಂಬ ತುಸು ಹೆಚ್ಚೇ. ಅವನ ಆಸ್ತಿಯೆಂದರೆ ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಪೆಟ್ಟಿಗೆ. ಒಂದು ಪೆಟ್ಟಿಗೆ ಗಂಡಸರ ಅಂಗಳಕ್ಕೆ, ಇನ್ನೊಂದು ಗೋಡೆಯಾಚೆ ಹೆಂಗಸರ ಅಂಗಳಕ್ಕೆ. ಗಂಡಸರು ಅಲ್ಲಿಗೆ ಹೋಗುವಂತಿಲ್ಲ, ಹಾಗಾಗಿ ಆಚೆಯದನ್ನು ಬಾಗಿಲಲ್ಲಿ ಕೊಟ್ಟು, ವೈರನ್ನು ಗೋಡೆಯ ಮೇಲಿಂದ ಇಳಿಬಿಟ್ಟರೆ ಮುಗಿಯಿತು, ಸಿಕ್ಕಿಸಿಕೊಳ್ಳುವುದು ಅವರ ಪಾಡು. ಆ ವೈರಿನ ಪ್ಲಗ್ಗನ್ನು ಮನೆಯಲ್ಲಾದರೂ ಬಿಚ್ಚಿ ನೋಡಬಹುದಿತ್ತು. ಹಾಡು ಬರುತ್ತಿದೆಯಲ್ಲ, ಸಾಕು ಎಂದು ಮಹಾಶಯ ಹದಿನೈದು ವರ್ಷ ನೋಡಿರಲಿಲ್ಲ.

ಅಂದು ಅಬ್ದುಲ್ ಜಾಹಿರನ ಒಬ್ಬಳೇ ಮಗಳು ಸಬ್ರೀನಳ ನಿಕಾಹ್. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅಬ್ದುಲ್ ಜಾಹಿರನಿಗೆ ಉಳಿದದ್ದು ಪಿಸುಮಾತು ಮಾತ್ರ. "ನೀನು ಸುಮ್ನೆ ಕೂತಿರು, ನಿನ್ನ ಪರವಾಗಿ ನಾನೇ ಹೇಳ್ತೀನಿ" ಎಂದು ತಮ್ಮ ಬಖೀತ್ ಮುಂದೆ ಬಂದಿದ್ದ. ಮಗಳು ಮಾತ್ರ ಮದುವೆ ಮಾಡಿಕೊಡುವ ಮಾತನ್ನು ಅಪ್ಪನ ಬಾಯಿಂದಲೇ ಕೇಳಬೇಕು ಎಂದು ಹೇಳಿ ಕಳಿಸಿದ್ದಳು.

ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಶಾಜ್ಲಿ ಒಂದು ಹಾಡು ಹಾಕಿ ಪರೀಕ್ಷೆ ಮಾಡಿದ. ಗೋಡೆಯಾಚೆಯಿಂದ ಮದುಮಗಳ ಚಿಕ್ಕಮ್ಮ ಇನ್ಶಿರಾಹ್ ಕೂಗಿದಳು: "ಸಾಕು ನಿಲ್ಸೋ ಉಸ್ತಾದ್, ಗೋಡೆ ಬಿದ್ದೋಗುತ್ತೆ!"

ಅಬ್ದುಲ್ ಜಾಹಿರ್ ಮೈಕಿಗೆ ಬಾಯಿಟ್ಟು "ಬಿಸ್ಮಿಲ್ಲಾ" ಎಂದ. ಈ ಕಡೆಯ ಪೆಟ್ಟಿಗೆಯಲ್ಲಿ ಸ್ಪಷ್ಟವಾಗಿ ಕೇಳಿತು.

"ಇಲ್ಲೇನೂ ಬರ್ಲಿಲ್ಲ! ಬಾಯಿ ಬಿಟ್ಟು ಹೇಳೋಕೆ ಹೇಳು!" ಎಂದಳು ಇನ್ಶಿರಾಹ್.

ಅಬ್ದುಲ್ ಜಾಹಿರ್ ನೆಲ ನೋಡಿದ. ಬಖೀತ್ ಗಂಟಲು ಸರಿಮಾಡಿಕೊಂಡ.

ಶಾಜ್ಲಿ ಆಂಪ್ಲಿಫೈಯರಿನ ಹಿಂದೆ ಎರಡೂ ವೈರುಗಳನ್ನು ಅದಲುಬದಲು ಮಾಡಿದ. ಆಗಲೂ ಈ ಕಡೆ ಮಾತು ಬಂತು, ಆ ಕಡೆ ಇಲ್ಲ. ಅಂದರೆ ಯಂತ್ರ ಸರಿಯಿದೆ. ಮತ್ತೆ ಹಾಡು ಹಾಕಿದರೆ ಎರಡೂ ಕಡೆ ಬಂತು! ಅವನಿಗೆ ತಲೆ ಕೆಟ್ಟಿತು. ಎಲ್ಲೋ ಲೋಹಕ್ಕೆ ಕಿಲುಬು ಹಿಡಿದಿದೆ, ಜೋರಿನ ಸದ್ದು ಅದನ್ನು ದಾಟಿಕೊಂಡು ನುಗ್ಗುತ್ತಿದೆ, ಪಿಸುಮಾತಿಗೆ ಆ ಬಲವಿಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ಚಿಕ್ಕಮ್ಮಾ, ಪೆಟ್ಟಿಗೆ ಹಿಂದಿನ ಪ್ಲಗ್ಗು ಒಂಚೂರು ಅಲ್ಲಾಡ್ಸಿ."

ಆಚೆಯ ಪೆಟ್ಟಿಗೆ ಕರಕರ ಎಂದಿತು.

"ಅದೇ ಕಳ್ಳ! ತಾಳಿ, ಕರೆಂಟು ತೆಗೀತೀನಿ. ಹ್ಞಾ, ಈಗ ಬಿಚ್ಚಿ. ಒಳಗೆ ಏನಿದೆ?"

"ಹಸಿರು ಹಿಡ್ದಿದೆ ಕಣೋ! ನನ್ನ ತಾಮ್ರದ ಪಾತ್ರೆ ಹಿಂಗಿದ್ದಿದ್ರೆ ನಮ್ಮತ್ತೆ ಅವತ್ತೇ ತವರಿಗೆ ಅಟ್ಟಿರೋಳು."

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಶಾಜ್ಲಿ ಕೇಳದವನಂತೆ ಮುಂದಿನ ಕೆಲಸ ಹೇಳಿದ.

"ತಂತಿ ತುದಿ ಕತ್ತರ್ಸಿ, ಕೆಂಪು ತಾಮ್ರ ಕಾಣೋವರೆಗೂ ಸುಲೀರಿ. ಪ್ಲಗ್ಗಿನ ಲೋಹಾನೂ ಕೆರೀರಿ. ಒಂದು ತಂತಿ ಇನ್ನೊಂದಕ್ಕೆ ತಾಗಬಾರ್ದು. ಆಮೇಲೆ ಸ್ಕ್ರೂ ಬಿಗಿ ಮಾಡಿ."

"ಬೆಂಡೆಕಾಯಿ ಹೆಚ್ಚೋ ಚಾಕು ಇದೆ, ಸಾಕಾ?"

"ಧಾರಾಳ ಸಾಕು."

ಅಷ್ಟರಲ್ಲಿ ನಿಕಾಹ್ ಬರೆಸುವ ಮಾಜೂನ್ ಬಂದು ಕೂತೇಬಿಟ್ಟ. ಅವನಿಗೆ ಅಂದು ಇನ್ನೂ ಎರಡು ಮದುವೆ. ಗೋಡೆಯಾಚೆಯಿಂದ "ಬಿಗಿ ಮಾಡಿದ್ದೀನಿ!" ಎಂಬ ಕೂಗು ಬರುವುದಕ್ಕೂ, ಮಗಳನ್ನು ಕೊಡುವವರ ಕೈ ಹಿಡಿಯಲು ವರ ತನ್ನ ಕೈ ಚಾಚುವುದಕ್ಕೂ ಸರಿಹೋಯಿತು. ಪರೀಕ್ಷೆಗೆ ಸಮಯವೆಲ್ಲಿ? ಬಖೀತ್ ತನ್ನ ಕೈ ಮುಂದೆ ಮಾಡಿದ. ಅಬ್ದುಲ್ ಜಾಹಿರ್ ಅದನ್ನು ಸರಿಸಿ ತಾನೇ ವರನ ಕೈ ಹಿಡಿದ. ಶಾಜ್ಲಿ ಸ್ವಿಚ್ ಒತ್ತಿ, ದೇವರ ಹೆಸರು ಹೇಳಿ, ಗುಂಡಿ ಪೂರ್ತಿ ತಿರುಗಿಸಿದ.

"ನನ್ನ ಮಗಳು ಸಬ್ರೀನಳನ್ನು ನಿನಗೆ ಮದುವೆ ಮಾಡಿಕೊಟ್ಟೆ."

ಮಾತಿಗೆ ಮೊದಲು ಉಸಿರು ಬಂತು. ಒಣಗಿದ ನಾಲಿಗೆ ಅಂಟಿ ಬಿಡಿಸಿಕೊಂಡ ಸದ್ದೂ ಬಂತು. ಎಷ್ಟೋ ಗಾಯಕರು ಗಂಟಲು ಹರಿದುಕೊಂಡಾಗಲೂ ಅಲುಗದಿದ್ದ ಶಾಜ್ಲಿ ಪೆಟ್ಟಿಗೆಯತ್ತ ತಿರುಗಿ ನೋಡಿದ. ಒಬ್ಬ ಮನುಷ್ಯನ ಒಳಗು ಇಷ್ಟು ದೊಡ್ಡದಾಗಿ ಕೇಳಬಹುದೆಂದು ಅವನಿಗೆ ಗೊತ್ತೇ ಇರಲಿಲ್ಲ.

ವರ ಒಪ್ಪಿಕೊಂಡ. ಈಗ ಹೆಂಗಸರು ನಾಲಿಗೆ ಆಡಿಸಿ ಕೂಗುವ ಸಂಭ್ರಮದ ಉಲಿ ಮೊಳಗಬೇಕಿತ್ತು. ಮೊಳಗಲಿಲ್ಲ. ಶಾಜ್ಲಿ ಗೋಡೆಗೆ ಓಡಿದ.

"ಚಿಕ್ಕಮ್ಮಾ, ಮತ್ತೆ ಕೈ ಕೊಡ್ತಾ?"

"ಇಲ್ಲಪ್ಪಾ." ಇನ್ಶಿರಾಹ್‌ಳ ದನಿ ತಗ್ಗಿತ್ತು. "ಉಸಿರಾಡಿದ್ದೂ ಕೇಳ್ತು. ಅದರ ಮೇಲೆ ಸದ್ದು ಮಾಡೋಕೆ ಯಾರಿಗೂ ಬಾಯೇ ಬರ್ತಿಲ್ಲ. ಹುಡುಗಿ ಪೆಟ್ಟಿಗೆಗೆ ಕೆನ್ನೆ ಒತ್ತಿ ಕೂತಿದ್ದಾಳೆ. ಇನ್ನೊಂದು ಸಲ ಮಾತಾಡೋಕೆ ಹೇಳು."

"ನಿಕಾಹ್ ಎರಡೆರಡು ಸಲ ಆಗಲ್ಲ" ಎಂದು ಮಾಜೂನ್ ಗೊಣಗಿದ.

ಅಬ್ದುಲ್ ಜಾಹಿರ್ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಸಬ್ರೀನ್" ಎಂದ. ಅಷ್ಟೇ.

"ಅಪ್ಪಾ!"

ಮೈಕಿಲ್ಲದೆ, ಗೋಡೆ ದಾಟಿ ಬಂದ ಕೂಗು ಅದು. ಮದುಮಗಳು ಹಾಗೆಲ್ಲ ಕೂಗಬಾರದು. ಬಖೀತ್ ತಲೆಯ ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡ.