ಹೊಳೆದಾರಿಯ ತಡಮೆ

ನಾನು ಒಂದು ತಡಮೆ. ಬೇಲಿಯ ನಡುವೆ ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಕೆಳಗೆ ಕಾಲಿಡಲು ಅಗಲವಾದ ಒಂದು ಹಲಗೆ. ಇಷ್ಟೇ ನನ್ನ ಶರೀರ. ಕುರಿ ದಾಟಬಾರದು, ಮನುಷ್ಯ ದಾಟಬೇಕು ಎಂಬ ಒಂದೇ ಕೆಲಸಕ್ಕಾಗಿ ನನ್ನನ್ನು ಹುಟ್ಟಿಸಿದರು. ಇಂಗ್ಲೆಂಡಿನಲ್ಲಿ ಹುಟ್ಟಿದವನಿಗೆ ಕನ್ನಡದ ಹೆಸರು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದನ್ನು ಇಟ್ಟವಳ ಕಥೆಯೇ ನನ್ನ ಕಥೆಯ ಮುಕ್ಕಾಲು ಪಾಲು. ಸ್ವಲ್ಪ ತಾಳಿ.

ಹ್ಯಾಸಲ್‌ಬೆಕ್ ಎಂಬ ಹಳ್ಳಿಯ ಚರ್ಚಿನ ಹಿಂದೆ ನಾನೊಂದು ಓಕ್ ಮರವಾಗಿದ್ದೆ. ಬಿರುಗಾಳಿಗೆ ಬಿದ್ದೆ. ಆಂಬ್ರೋಸ್ ಎಂಬ ಬಡಗಿ ನನ್ನನ್ನು ಕೊಯ್ದು, ಸೀಳಿ, ಕುರಿಗಳ ಹುಲ್ಲುಗಾವಲಿಗೂ ಹೊಳೆಯ ದಂಡೆಗೂ ನಡುವಿನ ಬೇಲಿಯಲ್ಲಿ ನೆಟ್ಟ. ಚರ್ಚಿನಿಂದ ಹೊರಟ ಕಾಲುದಾರಿ ಹುಲ್ಲುಗಾವಲು ಹಾದು, ನನ್ನನ್ನು ಹತ್ತಿಳಿದು, ನೀರಿಗೆ ಬಾಗಿದ ವಿಲೋ ಮರಗಳ ಕೆಳಗೆ ಸಾಗಿ, ಪಾಳುಬಿದ್ದ ನೀರಿನ ಗಿರಣಿಯವರೆಗೆ ಹೋಗುತ್ತದೆ. ಆ ದೇಶದವರಿಗೆ ನಡೆಯುವ ಹುಚ್ಚು. ಎಲ್ಲಿಗೂ ಹೋಗಬೇಕಾಗಿಲ್ಲದಿದ್ದರೂ ನಡೆಯುತ್ತಾರೆ, ನಡೆದು ಹೊರಟಲ್ಲಿಗೇ ವಾಪಸು ಬರುತ್ತಾರೆ.

ಜನರ ಮುಖ ನನಗೆ ಅಷ್ಟಾಗಿ ತಿಳಿಯದು. ನಾನು ನೋಡುವುದು ಬೂಟುಗಳನ್ನು. ಪಾದ್ರಿಯದು ಒಂದು ಕಡೆ ಸವೆದ ಹಿಮ್ಮಡಿ, ಅಂಚೆಕಚೇರಿಯ ಮಿಸೆಸ್ ಪ್ಲಮ್‌ಟ್ರೀಯದು ಹಸಿರು ರಬ್ಬರ್ ಬೂಟು, ಜೊತೆಗೆ ನಾಯಿಯ ನಾಲ್ಕು ಕೆಸರುಗಾಲು. ಎಲ್ಲರೂ ನನ್ನನ್ನು ಹಿಡಿದುಕೊಂಡರು, ತುಳಿದರು, ಹೊರಟುಹೋದರು. ಅವರೆಲ್ಲ ಹೊರಟಿದ್ದು ಹೊಳೆಗೆ, ನನ್ನ ಹತ್ತಿರಕ್ಕಲ್ಲ. ಜನ ಓಡಾಡುವ ಜಾಗದಲ್ಲಿ ನಿಂತವನಿಗೆ ಒಂಟಿತನ ಎಲ್ಲಿಯದು ಎನ್ನಬೇಡಿ. ದಾಟಿಹೋಗುವವರು ಎಷ್ಟಿದ್ದರೂ ನಿಲ್ಲುವವರು ಇಲ್ಲದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಒಬ್ಬ ನಿಲ್ಲುತ್ತಿದ್ದ. ಅವನು ಸಿರಿಲ್ ವ್ಯಾಡ್ಲೋ, ಆ ಹೊಲದ ಒಡೆಯ, ಮದುವೆಯಾಗದವನು, ಮಾತು ಕಡಿಮೆ. ಫೆಬ್ರವರಿಯ ಕೊನೆಯ ದಿನ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಊರಿನ ನಡುವೆಯೇ ನಡೆದು ಬಂದು, ಅದನ್ನು ನನ್ನ ಕಂಬದಿಂದ ಕಂಬಕ್ಕೆ ಬಿಗಿಯುತ್ತಿದ್ದ. ಹೊಳೆಯ ಕಡೆ ಒಂದು ಮಡಿಸುವ ಕುರ್ಚಿ ಹಾಕಿ ಸಂಜೆಯವರೆಗೆ ಕಾವಲು ಕೂರುತ್ತಿದ್ದ. ಅಲ್ಲಿಯ ಕಾನೂನು ಹಾಗೆ. ಯಾರದೇ ಹೊಲದಲ್ಲಿ ಜನ ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ನಡೆದರೆ ಆ ದಾರಿ ಊರಿನದಾಗುತ್ತದೆ. ವರ್ಷಕ್ಕೊಂದು ದಿನ ಮುಚ್ಚಿದರೆ ಸಾಕು, ಅದು ಒಡೆಯನ ದಯೆಯಿಂದ ಬಿಟ್ಟ ದಾರಿಯಾಗಿಯೇ ಉಳಿಯುತ್ತದೆ. ಅವನ ಅಪ್ಪ, ಅಜ್ಜ ಎಲ್ಲರೂ ಹೀಗೇ ಕಟ್ಟಿದ್ದರು. ಊರವರು ಆ ದಿನ ಇತ್ತ ಬರುತ್ತಲೇ ಇರಲಿಲ್ಲ. ಸಿರಿಲ್ ಒಬ್ಬನೇ ಕೂತು, ಒಬ್ಬನೇ ಎದ್ದುಹೋಗುತ್ತಿದ್ದ. ನನಗೆ ಅವನನ್ನು ಕಂಡರೆ ಕನಿಕರವಾಗುತ್ತಿತ್ತು. ತಡೆಯೋಣವೆಂದರೆ ಅಲ್ಲಿಗೆ ಯಾರೂ ಬರುತ್ತಿರಲಿಲ್ಲವಲ್ಲ.

ಅಂಥ ಒಂದು ದಿನ ಜಲಜಾಕ್ಷಿ ಬಂದಳು. ಕುಂದಾಪುರದ ಕಡೆಯವಳು, ಹಳ್ಳಿಯ ಅಂಚಿನ ವೃದ್ಧಾಶ್ರಮಕ್ಕೆ ನರ್ಸ್ ಆಗಿ ಹೊಸದಾಗಿ ಸೇರಿದ್ದಳು. ಗಂಡ ತೀರಿಕೊಂಡಿದ್ದ, ಆ ಊರಿನಲ್ಲಿ ಅವಳ ಮಾತು ಅರಿಯುವವರು ಒಬ್ಬರೂ ಇರಲಿಲ್ಲ. ಬಿಡುವಿನ ದಿನ ನಡೆಯುತ್ತ ಬಂದವಳು ನನ್ನೆದುರು ನಿಂತುಬಿಟ್ಟಳು. ಕಂಬವನ್ನು ಸವರಿ, ತನ್ನಷ್ಟಕ್ಕೆ ಹೇಳಿಕೊಂಡಳು:

"ನಮ್ ಮನಿ ತಡಮಿ ಕಂಡಂಗೇ ಆಯ್ತ್ ಕಾಣ್."

ನನ್ನನ್ನು ನೋಡುವುದಕ್ಕಾಗಿ ಒಬ್ಬರು ನಿಂತಿದ್ದು ಅದೇ ಮೊದಲು. ನನಗೆ ಹೆಸರು ಸಿಕ್ಕಿದ್ದೂ ಆಗಲೇ.

ಆಮೇಲೆ ಅವಳು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನಗು ಬರುತ್ತದೆ. ಹಗ್ಗವನ್ನು ಬಿಚ್ಚಿದಳು, ಹತ್ತಿಳಿದಳು, ತಿರುಗಿ ನಿಂತು ಮತ್ತೆ ಅಚ್ಚುಕಟ್ಟಾಗಿ ಗಂಟು ಹಾಕಿದಳು. ಕುರ್ಚಿಯಲ್ಲಿದ್ದ ಸಿರಿಲ್ ಬಾಯಿ ತೆರೆದು ನೋಡುತ್ತಿದ್ದ. ಕರು ನುಗ್ಗದಿರಲಿ ಎಂದು ಕಟ್ಟಿದ್ದಲ್ಲವೇ, ಬಿಚ್ಚಿದವರು ಕಟ್ಟಿ ಹೋಗಬೇಕಲ್ಲವೇ ಎಂದು ಅವಳು ಕೇಳಿದಳು. ಅವಳೂರಿನ ಪದ್ಧತಿ ಅದು. ಸಿರಿಲ್ ನಕ್ಕ. ಅವನ ನಗುವನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ. ಹಗ್ಗದ ವಿಷಯ ತಿಳಿದಾಗ ಅವಳು ನಾಚಿ ವಾಪಸು ಹೊರಟಳು. ದಾಟಿದ್ದಂತೂ ಆಯಿತು, ಚಹಾ ಕುಡಿದು ಹೋಗಿ ಎಂದು ಅವನು ಫ್ಲಾಸ್ಕ್ ತೆಗೆದ. ಇದ್ದದ್ದು ಒಂದೇ ಕುರ್ಚಿ. ಹಗ್ಗವನ್ನು ಬಿಚ್ಚಿ ಅವಳನ್ನು ನನ್ನ ಹಲಗೆಯ ಮೇಲೆ ಕೂರಿಸಿದ.

ಮರುವರ್ಷ ಅದೇ ದಿನ ಅವಳು ಚಕ್ಕುಲಿ ಕಟ್ಟಿಕೊಂಡು ಬಂದು, ಅವನು ಬರುವ ಮೊದಲೇ ನನ್ನ ಮೇಲೆ ಕೂತಿದ್ದಳು. ಅವನು ಹಗ್ಗ ಹಿಡಿದು ಬಂದ. ಅವಳು ಏಳಹೊರಟಳು, ಕಟ್ಟದಿದ್ದರೆ ದಾರಿ ನಿಮ್ಮ ಕೈತಪ್ಪಿ ಹೋಗುವುದಿಲ್ಲವೇ ಎಂದಳು.

"ಹೋದರೆ ಹೋಗಲಿ," ಎಂದ ಸಿರಿಲ್. "ಕಟ್ಟಿದರೆ ನೀವು ಎಲ್ಲಿ ಕೂರ್ತೀರಿ?"

ಅಂದಿನಿಂದ ಪ್ರತಿವರ್ಷ ಹಗ್ಗ ಬಂತು, ಅವನ ತೊಡೆಯ ಮೇಲೆ ಸುರುಳಿಯಾಗಿಯೇ ಕೂತಿತ್ತು. ಇಬ್ಬರೂ ಬಹಳ ಮಾತಾಡುತ್ತಿರಲಿಲ್ಲ. ಮಿಂಚುಳ್ಳಿ ನೀರಿಗೆ ಬಿದ್ದರೆ ಅವನು ಬೆರಳು ತೋರಿಸುತ್ತಿದ್ದ, ಅವಳು ಅದರ ಕನ್ನಡದ ಹೆಸರು ಹೇಳುತ್ತಿದ್ದಳು. ಗೊತ್ತಿಲ್ಲದ ಪರವೂರಿನವರೋ, ದಿನ ಮರೆತ ಊರವರೊಬ್ಬರೋ ನಡೆಯುತ್ತ ಬಂದರೆ ಅವಳು ಎದ್ದು ದಾರಿ ಬಿಡುತ್ತಿದ್ದಳು. ಉಳಿದ ದಿನಗಳಲ್ಲಿ ಅವಳು ಒಬ್ಬಳೇ ಬಂದು ದಾಟಿಹೋಗುತ್ತಿದ್ದಳು, ಅವನು ದೂರದ ಹೊಲದಿಂದ ಟೊಪ್ಪಿ ಎತ್ತುತ್ತಿದ್ದ. ಊರು ಏನೆಂದುಕೊಂಡೀತೋ ಎಂಬ ಅಳುಕು ಇಬ್ಬರಿಗೂ. ಇಬ್ಬರು ಒಂಟಿಗಳು ವರ್ಷಕ್ಕೆ ಒಂದೇ ದಿನ ಜೊತೆ ಕೂರುತ್ತಿದ್ದರು. ಆ ಒಂದು ದಿನಕ್ಕಾಗಿ ನಾನೂ ಕಾಯುತ್ತಿದ್ದೆ.

ಹೀಗೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದು, ಅವಳ ಕೂದಲು ನನ್ನ ಎದುರಿಗೇ ಬೆಳ್ಳಗಾಯಿತು. ಕೊನೆಗೊಂದು ಚಳಿಗಾಲ ಸಿರಿಲ್ ತೀರಿಕೊಂಡ. ಹೊಲ ಅವನ ಅಣ್ಣನ ಮಗ ಜೈಲ್ಸ್‌ಗೆ ಬಂತು. ಅವನ ಬೂಟುಗಳಿಗೆ ಕೆಸರೇ ಹತ್ತಿರಲಿಲ್ಲ. ಹೊಳೆಯ ದಂಡೆಯನ್ನು ಮೀನು ಹಿಡಿಯುವ ಶ್ರೀಮಂತರಿಗೆ ಬಾಡಿಗೆಗೆ ಕೊಡಬೇಕೆಂದು ನನಗೆ ಮುಳ್ಳುತಂತಿ ಸುತ್ತಿ, ದಾರಿ ಮುಚ್ಚಿದೆ ಎಂಬ ಹಲಗೆ ತೂಗುಹಾಕಿದ. ಊರು ಎದ್ದುನಿಂತಿತು. ವಿಚಾರಣೆಗೆ ಬಂದ ಅಧಿಕಾರಿಣಿ ಎಲ್ಲರನ್ನೂ ನನ್ನ ಬಳಿಗೇ ಕರೆಸಿದಳು. ತನ್ನ ಚಿಕ್ಕಪ್ಪ ವರ್ಷ ತಪ್ಪದೆ ಹಗ್ಗ ಕಟ್ಟಿದ್ದಾನೆ, ಹೆಗಲ ಮೇಲೆ ಹಗ್ಗ ಹೊತ್ತು ಹೋಗುವುದನ್ನು ಊರೇ ನೋಡಿದೆ ಎಂದು ಜೈಲ್ಸ್ ವಾದಿಸಿದ. ಊರವರು ತಲೆ ತಗ್ಗಿಸಿದರು. ನೋಡಿದ್ದು ನಿಜವೇ ಆಗಿತ್ತು.

ಗುಂಪಿನ ಹಿಂದೆ ಜಲಜಾಕ್ಷಿಯ ಬೂಟುಗಳು ಒಮ್ಮೆ ಮುಂದೆ ಬಂದವು, ಒಮ್ಮೆ ಹಿಂದೆ ಸರಿದವು. ಇಷ್ಟು ವರ್ಷ ಮುಚ್ಚಿಟ್ಟುಕೊಂಡ ಒಂದೇ ಒಂದು ದಿನವನ್ನು ಊರ ಬಾಯಿಗೆ ಕೊಡಬೇಕಾಗಿತ್ತು. ಕೊಡದಿದ್ದರೆ ದಾರಿ ಹೋಗುತ್ತಿತ್ತು. ಕೊನೆಗೆ ಅವಳು ಮುಂದೆ ಬಂದು ನನ್ನ ಕಂಬ ಹಿಡಿದುಕೊಂಡಳು.

"ಹಗ್ಗ ತರುತ್ತಿದ್ದದ್ದು ನಿಜ. ಕಟ್ಟುತ್ತಿರಲಿಲ್ಲ. ಕಟ್ಟುವ ಜಾಗದಲ್ಲಿ ನಾನು ಕೂತಿರುತ್ತಿದ್ದೆ."

ಆಮೇಲೆ ಮಿಸೆಸ್ ಪ್ಲಮ್‌ಟ್ರೀ, ತಾನೂ ಮರೆತು ಒಂದೆರಡು ವರ್ಷ ಆ ದಿನವೇ ಬಂದದ್ದು, ಈಕೆ ಎದ್ದು ದಾರಿಬಿಟ್ಟದ್ದು ನಿಜವೆಂದಳು. ಅಧಿಕಾರಿಣಿ ಬಗ್ಗಿ ನನ್ನ ಕಂಬಗಳನ್ನು ನೋಡಿದಳು. ಹಗ್ಗ ಉಜ್ಜಿ ಉಜ್ಜಿ ಆಗಿದ್ದ ಹಳೆಯ ಗಾಯದ ತುಂಬ ದಪ್ಪನೆಯ ಹಾವಸೆ ಬೆಳೆದಿತ್ತು. ಬಾಯಿಲ್ಲದ ನಾನೂ ಸಾಕ್ಷಿ ಹೇಳಿದೆ ಎಂಬ ಹೆಮ್ಮೆ ನನಗಿದೆ.

ಹೊರಡುವಾಗ ಅಧಿಕಾರಿಣಿ, ಮತ್ತೇನಾದರೂ ಹೇಳುವುದಿದೆಯೇ ಎಂದು ಮೃದುವಾಗಿ ಕೇಳಿದಳು. ಎದೆಯ ಭಾರ ಇಳಿದಿದ್ದ ಜಲಜಾಕ್ಷಿ ಮೊಣಕಾಲು ನೀವಿಕೊಳ್ಳುತ್ತ, ಈ ತಡಮೆ ಮಾತ್ರ ವರ್ಷ ವರ್ಷ ಎತ್ತರವಾಗುತ್ತಿದೆ ಎಂದು ತಮಾಷೆ ಮಾಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಪ್ಪತ್ತು ವರ್ಷ ಕಟ್ಟದೆ ಉಳಿದ ದಾರಿ ಊರಿನದಾಯಿತು. ಅದರ ಜೊತೆಗೇ, ವಯಸ್ಸಾದವರಿಗೆ ಅನುಕೂಲವಾಗಲೆಂದು ಕಬ್ಬಿಣದ ಗೇಟೂ ಬಂತು. ನನ್ನನ್ನು ಕಿತ್ತು ಬೇಲಿಯ ಮಗ್ಗುಲಿಗೆ ಎಸೆದರು. ಹತ್ತಿದ ಏಣಿ ಒದ್ದಳು ಎಂದು ನಾನು ಅವಳನ್ನು ದೂರುವುದಿಲ್ಲ. ಅವಳ ಮೊಣಕಾಲು ನೋಯುತ್ತಿದ್ದದ್ದು ನನಗೇ ಚೆನ್ನಾಗಿ ಗೊತ್ತು.

ಈಗ ನನ್ನ ಮೇಲೆ ತುರಿಕೆಗಿಡ ಬೆಳೆದಿದೆ. ಗೇಟು ದಿನವಿಡೀ ತೆರೆದು ಮುಚ್ಚುತ್ತದೆ. ವರ್ಷದ ಯಾವ ದಿನವೂ ಯಾರೂ ದಾರಿಯನ್ನು ತಡೆಯುವುದಿಲ್ಲ, ಹಾಗಾಗಿ ಯಾರೂ ನಿಲ್ಲುವುದೂ ಇಲ್ಲ.

ಮೊನ್ನೆ ಫೆಬ್ರವರಿಯ ಕೊನೆಯ ದಿನ ಜಲಜಾಕ್ಷಿ ಬಂದಳು. ಕೈಯಲ್ಲಿ ಚಕ್ಕುಲಿಯ ಪೊಟ್ಟಣವಿತ್ತು. ಗೇಟನ್ನು ಸುಲಭವಾಗಿ ದಾಟಿ, ಕೂರಲು ಜಾಗ ಹುಡುಕುತ್ತ ತಿರುಗಿ ನೋಡಿದಳು. ನಾನು ಅವಳ ಕಾಲಿನಿಂದ ಎರಡು ಮಾರು ದೂರದಲ್ಲಿ, ಗಿಡಗಳ ಅಡಿಯಲ್ಲಿ ಬಿದ್ದಿದ್ದೆ. ಇಲ್ಲಿದ್ದೇನೆ ಎನ್ನಲು ನನಗೆ ಬಾಯಿಲ್ಲ.

"ಕೂಕಂಬುಕೆ ಜಾಗುವೇ ಇಲ್ಲ," ಎಂದಳು ಮೆಲ್ಲಗೆ.

ಅಷ್ಟರಲ್ಲಿ ಹಿಂದಿನಿಂದ ನಡೆಯುವವರ ಗುಂಪೊಂದು ಬಂತು. ಅವಳು ಅವರಿಗೆ ದಾರಿಬಿಟ್ಟು, ಅವರ ಹಿಂದೆಯೇ ಹೊಳೆಯ ಕಡೆಗೆ ನಡೆದುಹೋದಳು.